ನೆರಳಿನ ಲೆಕ್ಕ

ಒಮಾನಿನ ಇಝ್ಕಿಯಿಂದ ಆಚೆ, ಬೋಳುಗುಡ್ಡದ ಹೊಟ್ಟೆಯಿಂದ
ಹೊರಬೀಳುವ ಫಲಜ್ ಕಾಲುವೆಗೆ
ಗಾರೆ ಮೆತ್ತುವ ಕೆಲಸ ನಮ್ಮದು:
ನಾನು, ಮರೆಪ್ಪ, ತಾಳಿಕೋಟೆಯ ಲಾಡ್ಲೆಸಾಬ.
ಇಲ್ಲಿಯವರು ಗಾರೆಗೆ ಸಾರೂಜ್ ಅನ್ನುತ್ತಾರೆ.
ಸುಟ್ಟ ಮಣ್ಣು, ಸುಣ್ಣ. ತೋಳು ಸೋಲುವ ತನಕ ಕಲಸಬೇಕು.

ಒಂದೇ ಕೋಣೆ, ಒಂದೇ ಒಲೆ.
ಇಪ್ಪತ್ತು ಲೀಟರಿನ ಕ್ಯಾನು, ಅದರ ನೆತ್ತಿಗೆ
ಬೋರಲು ಹಾಕಿದ ಒಂದು ಸ್ಟೀಲ್ ಲೋಟ.
ಮರೆಪ್ಪ ಕುಡಿದಿಟ್ಟದ್ದನ್ನು
ಒಂದು ರಾತ್ರಿ ನಾನು ತೊಳೆದು ಕುಡಿದೆ.
ಯೋಚಿಸಿ ತೊಳೆದದ್ದಲ್ಲ,
ಕೈ ತಾನೇ ಎದ್ದು ನಲ್ಲಿಗೆ ಹೋಗಿತ್ತು.
ಅವನು ಮಲಗಿದ್ದ. ಕಣ್ಣು ತೆರೆದೇ ಇತ್ತು.

ಲಾಡ್ಲೆಸಾಬ ಕುಡಿದ ಮೇಲೂ ತೊಳೆದಿದ್ದೆನೆ?
ನೆನಪಿಲ್ಲ ಅಂದರೆ ಸುಳ್ಳಾಗುತ್ತದೆ.

ಹನ್ನೊಂದು ದಿನ
ಗಾರೆಯ ಬುಟ್ಟಿ ಕೈಯಿಂದ ಕೈಗೆ ಬರುತ್ತಿತ್ತು,
ಮಾತು ಬರುತ್ತಿರಲಿಲ್ಲ.
ಉಪ್ಪು ಯಾರಿಗೆ ಬೇಕೆಂದು
ಲಾಡ್ಲೆಸಾಬ ಗೋಡೆಯನ್ನು ಕೇಳುತ್ತಿದ್ದ.

ನೀರಿನ ಪಾಳಿ ನೋಡುವ ಮುದುಕ ಸುಲೈಯಿಮ್
ಬಯಲಲ್ಲಿ ಕೋಲು ನೆಟ್ಟಿದ್ದಾನೆ, ಸುತ್ತ ಕಲ್ಲುಗಳ ಸಾಲು.
ನೆರಳು ಈ ಕಲ್ಲಿನಿಂದ ಆ ಕಲ್ಲಿಗೆ ಹೋಗುವಷ್ಟು ಹೊತ್ತು
ನೀರು ಒಬ್ಬನ ಖರ್ಜೂರಕ್ಕೆ, ಆಮೇಲೆ ಇನ್ನೊಬ್ಬನ ಸೊಪ್ಪಿಗೆ.
ಎರಡು ಮನೆತನಗಳಿಗೆ ಅಜ್ಜಂದಿರ ಕಾಲದ ಹಗೆಯಂತೆ.
ನ್ಯಾಯ ಯಾರ ಕಡೆ, ಕೇಳಿದೆ
ನನ್ನ ಮುರುಕು ಅರಬ್ಬಿಯಲ್ಲಿ.
"ಇಬ್ಬರ ದೂರೂ ದಪ್ತರದಲ್ಲಿದೆ" ಅಂದ.
"ಆದರೆ ಇಬ್ಬರೂ ಬಂದು ಇದೇ ನೆರಳು ನೋಡಬೇಕು.
ಅವನೊಂದು ಕೋಲು, ಇವನೊಂದು ಕೋಲು ನೆಟ್ಟರೆ
ತೋಟ ಒಣಗುತ್ತದೆ, ಅಷ್ಟೇ."
ಆಮೇಲೆ ಕಾಲುವೆಯ ಮೊದಲ ಬಾಯಿ ತೋರಿಸಿದ:
"ಅದು ಕುಡಿಯಲಿಕ್ಕೆ. ಅದಕ್ಕೆ ಪಾಳಿಯಿಲ್ಲ.
ದಾರಿಹೋಕನೂ ಕುಡಿಯಬಹುದು."

ಮರೆಪ್ಪ ನಕ್ಕ. ಕೇಳಲು ಹಿತವಾದ ನಗೆಯಲ್ಲ.

ಆ ಮಧ್ಯಾಹ್ನ ಹೇಳಿಬಿಟ್ಟೆ:
ಕೆರೆಯ ಏರಿ ಮೇಲೆ ನಿಮ್ಮವ್ವನ ಕೊಡ
ನಮ್ಮಪ್ಪ ಒಡೆದಾಗ ನಾನೂ ಇದ್ದೆ.
ಎಂಟು ವರ್ಷ ನನಗೆ. ನಕ್ಕಿದ್ದೆ.
ಹೇಳಿದರೆ ಹಗುರಾಗುತ್ತೇನೆ ಅಂದುಕೊಂಡಿದ್ದೆ,
ಇಳಿಸಿದ ಹೊರೆಯನ್ನೂ ಅವನೇ
ತಲೆ ಮೇಲಿಟ್ಟುಕೊಳ್ಳಲಿ ಅನ್ನುವ ಹಾಗೆ.

ಉಗುರಿನ ಗಾರೆ ಕೆರೆಯುತ್ತ ಮರೆಪ್ಪ ಅಂದ:
"ಒಂದಲ್ಲ, ಎರಡು ಕೊಡ.
ಮಣ್ಣಿಂದು ಒಡೀತು. ಅವ್ವನ ತವರಿನ ತಾಮ್ರದ್ದು ನೆಗ್ಗಿತು.
ನೆಗ್ಗಿದ್ದರಾಗ ಇವತ್ತಿಗೂ ನೀರು ತುಂಬತಾಳ.
ಮೊದಲ ಲೆಕ್ಕ ಸರಿ ಬರಕೋ,
ಅಳೂದು ಆಮ್ಯಾಲೆ."

ಏನು ಮಾಡಲಿ, ಅಂದೆ.
"ನಿಮ್ಮಣ್ಣ ಪಂಚಾಯ್ತಿ ಮೆಂಬರು.
ಹೊಸ ಪೈಪು ನಮ್ಮ ಓಣಿ ತಿರುವಿನಾಗ ನಿಂತದ.
ನಲವತ್ತು ಗಜ. ಅದನ್ನ ಕೇಳು."

ಶುಕ್ರವಾರ ಕೇಳಿದೆ.
"ಅವ ನಿನ್ನ ತಲಿ ಕೆಡಿಸ್ಯಾನೇನು?" ಅಂದು ಅಣ್ಣ ಫೋನು ಇಟ್ಟ.
ನನಗೆ ಸಿಟ್ಟು ಬಂತು, ಒಂದು ಗಳಿಗೆ ಮರೆಪ್ಪನ ಮೇಲೆಯೇ.
ಅದನ್ನೂ ಬರೆದಿಡಬೇಕು ಇಲ್ಲಿ.
ಮುಂದಿನ ಶುಕ್ರವಾರ ಮತ್ತೆ ಕೇಳಿದೆ.
ಎಸ್ಟಿಮೇಟು ಅಂದ, ಇಂಜಿನಿಯರು ಅಂದ, ಎಲೆಕ್ಷನ್ನು ಅಂದ.
ಮರೆಪ್ಪ ಪಕ್ಕದಲ್ಲಿ ಕೂತು ಕೇಳಿಸಿಕೊಂಡ,
ಸುಣ್ಣದ ರಸೀದಿಯ ಬೆನ್ನಿಗೆ ತಾರೀಖು ಬರೆದ.
ಲಾಡ್ಲೆಸಾಬ ಚಹಾ ಸೋಸಿದ. ಗೋಡೆಯನ್ನು ಏನೂ ಕೇಳಲಿಲ್ಲ.

ಲೋಟ ಈಗಲೂ ಒಂದೇ.
ಕೈ ಈಗಲೂ ಒಮ್ಮೊಮ್ಮೆ ಏಳುತ್ತದೆ.
ಎದ್ದ ಕೈಯನ್ನು ಮರೆಪ್ಪ ನೋಡುತ್ತಾನೆ,
ಅವನು ನೋಡುವುದನ್ನು ನಾನು ನೋಡುತ್ತೇನೆ.
ಕೈ ಇಳಿಯುತ್ತದೆ.

ಏಳನೆಯ ಶುಕ್ರವಾರ ಫೋನು ಎತ್ತಿದ್ದು ಅತ್ತಿಗೆ.
ಎಲ್ಲ ಕೇಳಿಸಿಕೊಂಡಳು. ಸುಮ್ಮನಿದ್ದಳು.
"ಎಷ್ಟು ಗಜ ಅಂದಿ?" ಅಂದಳು.
ಆಮೇಲೆ, ಡಬ್ಬಿಗಳ ನಡುವೆ ಎಲ್ಲೋ
ಪೆನ್ನು ಹುಡುಕುವ ಸದ್ದು.