ಕ್ಲಚ್ ವೈರು

ಸಫೂರಾ ಟೀಚರ ಫೋನು ಬಂದಾಗ
ಯಾರದೋ ಸ್ಪ್ಲೆಂಡರಿನ ಹೊಟ್ಟೆ ಬಿಚ್ಚಿ ಕೂತಿದ್ದೆ.
'ಕಟಿಂಗ್ ಪ್ಲೇಯರ್ ತಗೊಂಡು ಬಾ, ದೊಡ್ಡದು.'
ನಮ್ಮ ತಂಡವೆಂದರೆ ಇಷ್ಟೇ: ಟೀಚರು, ನಾನು,
ಹಾಲಿನ ವ್ಯಾನು ಬಿಡುವಿದ್ದರೆ ಪ್ಲಾಸಿಡ್ಡು.

ರಿಪ್ಪನ್‌ಪೇಟೆ ದಾಟಿ, ಗೇರುಗುಡ್ಡದ ಅಂಚಿಗೆ
ಹಂದಿಗೆಂದು ಕಟ್ಟಿದ ಉರುಳು.
ಸಿಕ್ಕಿದ್ದು ನಾಯಿ. ಸೊಂಟಕ್ಕೆ ಬಿಗಿದಿತ್ತು.
ಎರಡು ದಿನವೋ ಮೂರೋ,
ಸುತ್ತಿ ಸುತ್ತಿ ನೆಲ
ಕಣದ ಹಾಗೆ ನುಣ್ಣಗಾಗಿತ್ತು.

ಟೀಚರು ಸ್ವೆಟರು ಬಿಚ್ಚಿ ಅದರ ಮುಖಕ್ಕೆ ಹೊದಿಸಿ
ಮಗ್ಗಿ ಹೇಳತೊಡಗಿದರು, ಹದಿಮೂರರದು, ಮೆಲ್ಲಗೆ.
ಯಾಕೆಂದು ಕೇಳಲಿಲ್ಲ.
ಹದಿಮೂರೇಳಲಿ ತೊಂಬತ್ತೊಂದಕ್ಕೆ
ನಡುಕ ನಿಂತಿತು.

ಕೂದಲೊಳಗೆ, ರಸಿಗೆಯೊಳಗೆ ತಂತಿ ಹುಡುಕಿದೆ.
ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಯಿತು:
ಕ್ಲಚ್ ವೈರು. ತುದಿಯ ಗುಂಡು ಹಾಗೇ ಇದೆ.
ಅಂಗಡಿ ಹಿಂದಿನ ಡಬ್ಬದಿಂದ
ಹಳೇದನ್ನು ಯಾರು ಕೇಳಿದರೂ ಕೊಡುತ್ತಿದ್ದೆ.
ಬೇಲಿಗೆ ಅನ್ನುತ್ತಿದ್ದರು, ಬಾಳೆಗೊನೆಗೆ ಅನ್ನುತ್ತಿದ್ದರು.
ದುಡ್ಡು ಕೂಡ ತಗೊಳ್ಳುತ್ತಿರಲಿಲ್ಲ.

ಟಕ್ಕೆಂದು ತುಂಡಾಯಿತು.
ನಾಯಿ ಕಚ್ಚಿತು, ನನ್ನನ್ನೇ.
'ಆಯ್ತು ಕಣೋ, ಆಯ್ತು' ಅಂದರು ಟೀಚರು,
ನನಗೋ, ಅದಕ್ಕೋ.

ಈಗ ವೈರು ಬಿಚ್ಚಿದ ಕೂಡಲೇ
ಗೇಣುಗೇಣಿಗೆ ಕತ್ತರಿಸಿ ಎಸೆಯುತ್ತೇನೆ.

ನಿನ್ನೆ ಈರಯ್ಯನ ತಮ್ಮ ಬಂದ.
'ಹಳೇ ವೈರು ಇದ್ಯಾ ಮಾರಾಯ?'
ಪಟ್ಟಿ ಸುತ್ತಿದ ಕೈ ತೋರಿಸಿದೆ.
ಅವನು ಕೈ ನೋಡಲಿಲ್ಲ.
ಬೆಂಚಿನಡಿ ಮಲಗಿದ್ದ,
ಸೊಂಟಕ್ಕೆ ಹೊಲಿಗೆ ಬಿದ್ದ ನಾಯಿಯನ್ನು ನೋಡಿದ.
ಒಂದಿಷ್ಟು ಹೊತ್ತು ನಿಂತ.

ಆಮೇಲೆ ಹಿಂದಿನ ಟೈರಿಗೆ
ಗಾಳಿ ಹಾಕಿಸಿಕೊಂಡು ಹೋದ.