ವೀಸದ ಲೆಕ್ಕ

ಯಂತ್ರ ಒಂದು ಪಾಲು ಕರೆಂಟು ಉಂಡರೆ
ಅದನ್ನು ತಣಿಸಲು ಮುಕ್ಕಾಲು ಪಾಲು, ಹೊರಗೆ ಹಿಮ ಬೀಳುವಾಗಲೂ.
ಫಿನ್‌ಲೆಂಡಿನ ಆ ಊರಲ್ಲಿ ಹಿಲ್ಕಾ ಕೆಲಸಕ್ಕೆ ಸೇರಿದಾಗ
ಲೆಕ್ಕ ಹೀಗಿತ್ತು: ಒಂದೂಮುಕ್ಕಾಲು.

ಒಂದೂವರೆಗೆ ಇಳಿಸಲು ಆರು ವರ್ಷ.
ಕಪಾಟಿನ ಸಾಲುಗಳ ನಡುವೆ ಪ್ಲಾಸ್ಟಿಕ್ ಪರದೆ ಕಟ್ಟಿದಳು,
ಖಾಲಿ ಗೂಡುಗಳಿಗೆ ರಟ್ಟು ತುರುಕಿದಳು.
'ದನದ ಕೊಟ್ಟಿಗೆ ಮಾಡಿಟ್ಟಿದ್ದೀಯ' ಎಂದ ಮೇಲಧಿಕಾರಿ
ತಿಂಗಳ ಬಿಲ್ಲು ನೋಡಿ ಸುಮ್ಮನಾದ.
ಒಂದೂಕಾಲಿಗೆ ಇನ್ನೂ ಒಂಬತ್ತು. ನಡುವೆ ಒಂದು ಮದುವೆ
ಬಂದು, ಹೋಯಿತು.
ಅಲ್ಲಿಂದ ಕೆಳಗೆ ಎಲ್ಲ ವೀಸ, ಅರೆವೀಸ.

ಇದೇ ಕಟ್ಟಡ ಕಾಗದದ ಗಿರಣಿಯಾಗಿದ್ದಾಗ
ಅಪ್ಪ ಬಾಯ್ಲರಿಗೆ ಪೈನ್ ತೊಗಟೆ ತಳ್ಳುತ್ತಿದ್ದ.
ಅವನಿಗೆ ಬಿಸಿ ಮಾಡಲು ಸಂಬಳ,
ಇವಳಿಗೆ ಅದನ್ನು ಹೊರಗೋಡಿಸಲು.
ಇಪ್ಪತ್ತು ವರ್ಷ ಹೆಪ್ಪುಗಟ್ಟಿದ ಕೆರೆಗೆ ಬಿಸಾಡಿದಳು;
ಬಿಳಿಯ ನಡುವೆ ಒಂದು ಕಪ್ಪು ತೂತಾಗಿ
ಅದರಲ್ಲಿ ಬಾತುಗಳು ಚಳಿಗಾಲ ಕಳೆದವು.

ಅವುಗಳನ್ನು ನೋಡಿಯೇ ಹೊಳೆದದ್ದು, ಅನ್ನುತ್ತಾಳೆ.
ಈಗ ಕೊಳವೆ ಕೆರೆಯ ಕಡೆ ಹೋಗುವುದಿಲ್ಲ:
ಶಾಲೆ, ಈಜುಕೊಳ, ಅರವತ್ತು ಮನೆ.
ಕೊನೆಯದು ಎನ್ಸಿಯೋನದು. ವಾರಕ್ಕೊಮ್ಮೆ ಅವನ ಫೋನು:
'ಕಾವು ಸಾಲದು. ತೊಗಟೆಯ ಕಾಲವೇ ಚೆನ್ನಾಗಿತ್ತು.'

ನಿವೃತ್ತಿಯ ದಿನ ಮೈನಸ್ ಇಪ್ಪತ್ತೊಂಬತ್ತು.
ಕೇಕು ಬಿಟ್ಟು, ವ್ರೆಂಚು ಹಿಡಿದು ಅವನ ನೆಲಮಾಳಿಗೆಗೆ ಇಳಿದಳು.
ವಾಲ್ವು ಅರ್ಧ ಸುತ್ತು ತಿರುಗಿಸಿ
ಕೊಳವೆಯ ಮೇಲೆ ಅಂಗೈ ಇಟ್ಟು ಕಾದಳು.
ಯಾರೋ ಎಲ್ಲೋ ಏನನ್ನೋ ಹುಡುಕುತ್ತಿರಬೇಕು,
ಕಾವು ಬಂತು.

'ಆ ಬಾತುಗಳು ಎಲ್ಲಿ ಹೋದವು?'
ಮೆಟ್ಟಿಲ ಮೇಲಿಂದ ಎನ್ಸಿಯೋ ಕೇಳಿದ.
ಆ ಲೆಕ್ಕ ಅವಳ ಬಳಿ ಇರಲಿಲ್ಲ.