ಉಂಗುರದ ನಂಬರು

ಬಾರ್ನ್ಸ್‌ಲಿಯಲ್ಲಿ ಆಗಸ್ಟಿನ ಒಂದು ಶನಿವಾರ.
ಮೇಲೆ ನನ್ನ ಕಂಪ್ಯೂಟರು, ಕೆಳಗೆ ಮನೆಯೊಡೆಯ ನಾರ್ಮನ್ ಹಾಯ್ಲ್‌ನದು,
ನಡುವೆ ಹದಿಮೂರು ಮೆಟ್ಟಿಲು,
ಗ್ಯಾಸ್ ಮೀಟರಿನ ಪಕ್ಕ ಕಣ್ಣು ಮಿಟುಕಿಸುವ ಒಂದೇ ರೌಟರು.
ಅವನದು ತಂತಿಯಲ್ಲಿ, ನನ್ನದು ಗಾಳಿಯಲ್ಲಿ.
ಎರಡಕ್ಕೂ ಮಾತಿಲ್ಲ ಕತೆಯಿಲ್ಲ,
ಮೂರು ವಾರವಾಯಿತು.

"ನೀಲ್," ಅಂದ. ನೀಲಗಂಗಾ ಎಂಬ ಹೆಸರು
ಅವನ ನಾಲಿಗೆಯಲ್ಲಿ ಅಷ್ಟಕ್ಕೇ ನಿಲ್ಲುತ್ತದೆ,
ಅದು ಇಲ್ಲಿ ಗಂಡಸರ ಹೆಸರು, ಇರಲಿ.
"ನನ್ನ ಹಕ್ಕಿಗಳು ಫ್ರಾನ್ಸಿನಿಂದ ಕಡಲು ದಾಟಿ ಬರುತ್ತವೆ.
ಒಂದು ಕಾಗದ ಮೇಲಿಂದ ಕೆಳಕ್ಕೆ ಬರಲಾರದೆ?"

ಪ್ರಿಂಟರು ಕೆಳಗೆ, ಅವನ ಯಂತ್ರಕ್ಕೆ ಕಟ್ಟಿದೆ.
ಪಾರಿವಾಳಗಳ ಲೆಕ್ಕ ಮೇಲೆ, ನನ್ನ ಬಳಿ.
ಬಾಡಿಗೆಯಲ್ಲಿ ಹತ್ತು ಪೌಂಡು ಬಿಟ್ಟಿದ್ದಾನೆಂದು ಬರೆದಿಡುತ್ತೇನೆ:
ಬಿಟ್ಟ ಹೊತ್ತು, ಬಂದ ಹೊತ್ತು, ಗಾಳಿ ಯಾವ ಕಡೆಯದು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ.
ಆರಿಸಿದೆ. ಹತ್ತು ಎಣಿಸಿದೆ. ಹಾಕಿದೆ.
ಅವನ ತಂತಿ ಕಿತ್ತು ತುದಿಗೆ ಉಫ್ ಎಂದು ಊದಿದೆ,
ಯಾಕೆ ಊದುತ್ತೇವೋ, ಒಲೆ ಊದಿದ ಅಭ್ಯಾಸವಿರಬೇಕು,
ಮತ್ತೆ ಚುಚ್ಚಿದೆ, ಕಟಕ್ ಅನ್ನುವವರೆಗೆ.
ಬಾಗಿಲು ಕಾಯುವ ಫೈರ್‌ವಾಲನ್ನು
ಹೋಗಿ ಚಾ ಕುಡಿದು ಬಾರಪ್ಪ ಅಂತ ಕಳಿಸಿದೆ.
ಗುಂಪಿನ ಹೆಸರು ಎರಡರಲ್ಲೂ ಒಂದೇ,
ಬೆರಳಿಟ್ಟು ಅಕ್ಷರ ಅಕ್ಷರ ನೋಡಿದೆ.

ಆಮೇಲೆ ಕರಿ ಪರದೆ ತೆರೆದು
ಅವನ ವಿಳಾಸಕ್ಕೆ ಪಿಂಗ್ ಬಿಟ್ಟೆ.
ಹೋಯಿತು, ಬಂತು.
ನಾಲ್ಕು ಬಿಟ್ಟರೆ ನಾಲ್ಕೂ, ಒಂದು ಮಿಲಿಸೆಕೆಂಡೂ ಆಗದೆ.
"ದಾರಿಯೇನೋ ಸರಿಯಿದೆ," ಅಂದೆ, ಸೋತ ದನಿಯಲ್ಲಿ.

ಅವನು ಕಿಟಕಿಯಿಂದ ಕತ್ತು ಹೊರಳಿಸಲಿಲ್ಲ.
ಆ ದಿನ ಬಿಟ್ಟ ಹದಿನಾಲ್ಕರಲ್ಲಿ ಹದಿಮೂರು ಬಂದಿದ್ದವು.
"ಅಷ್ಟು ಬೇಗ ಬಂದ ಹಕ್ಕಿ ಹೋಗಿಯೇ ಇಲ್ಲ, ನೀಲ್.
ನಿನ್ನದೇ ಮಾಡಿನ ಮೇಲೆ ಕೂತಿರುತ್ತದೆ."

ಕೆಳಗಿಳಿದು ಅವನ ಯಂತ್ರದ ಪ್ಲಗ್ಗನ್ನೇ ಕಿತ್ತೆ,
ಮೇಲೆ ಬಂದು ಮತ್ತೆ ಬಿಟ್ಟೆ.
ಬಂತು!
ಉಸಿರಿಲ್ಲದ ಯಂತ್ರದಿಂದ ಲಕಲಕ ಉತ್ತರ.
ಎಷ್ಟು ಹೊತ್ತಿನಿಂದ ನನ್ನ ಬಾಗಿಲನ್ನು ನಾನೇ ಬಡಿದು
ಒಳಗಿನಿಂದ ನಾನೇ "ಯಾರು?" ಅನ್ನುತ್ತಿದ್ದೆನೋ.

ಜುಲೈಯಲ್ಲಿ ಇಲ್ಲಿಗೆ ಬಂದಾಗ
ಅವನ ಯಂತ್ರಕ್ಕೆ ಅಂಟಿಸಿದ ಚೀಟಿ ನೋಡಿ
ಅಂಕಿಗಳನ್ನೆಲ್ಲ ಬರೆದುಕೊಂಡಿದ್ದೆ, ಕೊನೆಯ ಐದನ್ನೂ ಬಿಡದೆ.
ಪಕ್ಕದವನ ಉತ್ತರದ ಜೊತೆ
ಅವನ ರೋಲ್ ನಂಬರನ್ನೂ ಕಾಪಿ ಹೊಡೆದ ಹಾಗೆ.

"ಮೂಲೆಯಲ್ಲಿ ಹಳದಿ ಗುಳ್ಳೆ ಬರುತ್ತಿತ್ತಲ್ಲ ದಿನಾ," ಅಂದ,
"ಒತ್ತಿ ಕಳಿಸಿಬಿಡುತ್ತಿದ್ದೆ."
ಏನು ಬರೆದಿತ್ತು?
"ಓದಲಿಲ್ಲ, ಲವ್. ಕನ್ನಡಕ ಪಾರಿವಾಳದ ಗೂಡಿನಲ್ಲಿರುತ್ತದೆ."

ಹೇಗೆ ತಿಳಿಸಿ ಹೇಳಲೆಂದು ತಡಕಾಡುತ್ತಿದ್ದೆ,
ಒಂದೇ ಒರೆಗೆ ಎರಡು ಕತ್ತಿ ಅನ್ನಲೆ, ಅದನ್ನು ಇಂಗ್ಲಿಷಿನಲ್ಲಿ ಏನನ್ನಲಿ.
ಅಷ್ಟರಲ್ಲಿ ಅವನೇ ಅಂದ:
ಮರಿಗೆ ವಾರ ತುಂಬಿದಾಗ ಉಂಗುರ ತೊಡಿಸುತ್ತೇವೆ.
ಒಂದು ನಂಬರು, ಒಂದು ಕಾಲು.
ಅದೇ ನಂಬರು ಇನ್ನೊಂದು ಕಾಲಿಗೂ ಇದ್ದರೆ
ಗಡಿಯಾರ ಯಾರನ್ನು ಬಂದರು ಅನ್ನಬೇಕು?

ಐದನ್ನು ಅಳಿಸಿ ಹದಿನಾಲ್ಕು ಹಾಕಿದೆ, ಕೈಗೆ ಬಂದದ್ದು.
ಈ ಸಲ ಪಿಂಗ್ ಹೋಗಿ
ಮೂರು ಮಿಲಿಸೆಕೆಂಡು ತಡಮಾಡಿ ಬಂತು.
ತಡವಾದದ್ದಕ್ಕೆ ನಾನು ಕುಣಿದದ್ದು ಅದೇ ಮೊದಲು.

ಕೆಳಗೆ ಪ್ರಿಂಟರು ಕೆಮ್ಮಿ ಎದ್ದು
ಮೂರು ವಾರದ ಬಾಕಿಯನ್ನೆಲ್ಲ ಉಗುಳಿತು,
ಒಂದೇ ಪಟ್ಟಿಯ ಹತ್ತೊಂಬತ್ತು ಪ್ರತಿ.
ಪರೀಕ್ಷೆಗೆಂದು ಒಂದು ಕಡತವನ್ನೂ ಅವನ ಯಂತ್ರದೊಳಗೆ ಇಟ್ಟೆ,
ಕನ್ನಡದಲ್ಲಿ: ಬಂತಾ ನೋಡು.
ನಮ್ಮ ಅಕ್ಷರ ಅರಿಯದ ಆ ಹಳೇ ಯಂತ್ರ
ಸಾಲಾಗಿ ಖಾಲಿ ಚೌಕಗಳನ್ನು ತೋರಿಸಿತು.
ನಾರ್ಮನ್ ಬಗ್ಗಿ, ಬೆರಳಿಟ್ಟು ಎಣಿಸಿದ.
"ಒಳ್ಳೇ ಗೂಡುಗಳು," ಅಂದ.

ಎಂಟೂವರೆಯಾದರೂ ಬೆಳಕಿತ್ತು.
ಕಾಳಿನ ಡಬ್ಬಿ ಅಲ್ಲಾಡಿಸುತ್ತ ಹಿತ್ತಲಿಗೆ ಹೋದ.
ಪಟ್ಟಿಯ ಕೊನೆಯ ಸಾಲಿನಲ್ಲಿ
ಬಂದ ಹೊತ್ತು ನಾನಿನ್ನೂ ತುಂಬಿಲ್ಲ.